ಶಿರಾಜ್ ಹುಳಿಯಾದ ವರ್ಷ

ಗಂಡ ತೀರಿಕೊಂಡ ಮೇಲೆ ನಾನು ಗೋಗಿಯ ತವರುಮನೆಗೆ ಬಂದು ಅಪ್ಪನ ಜೊತೆ ಇದ್ದೆ. ಆಗ ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಗೆ ಒಂದು ಸಣ್ಣ ವೈನರಿ ಶುರುವಾಗಿತ್ತು. ಸುತ್ತ ದ್ರಾಕ್ಷಿ ತೋಟ, ನಡುವೆ ತಗಡಿನ ಶೆಡ್ಡು, ಒಳಗೆ ಸ್ಟೀಲಿನ ಟ್ಯಾಂಕುಗಳು. ಜನ ಅದನ್ನು ದ್ರಾಕ್ಷಿ ಫ್ಯಾಕ್ಟರಿ ಎನ್ನುತ್ತಿದ್ದರು. ನೋಡಲು ಬರುವವರಿಗೆ ಅಡುಗೆ ಮಾಡಿ ಬಡಿಸಲು ಒಬ್ಬರು ಬೇಕಾಗಿದ್ದರು. ನಾನು ಹೋಗಿ ಕೇಳಿದೆ, ಕೆಲಸ ಸಿಕ್ಕಿತು.

ಅಪ್ಪ ದಿನಕ್ಕೆ ಎರಡು ಹೊತ್ತು ಲಿಂಗಪೂಜೆ ತಪ್ಪಿಸದವನು. ವಿಷಯ ತಿಳಿದ ದಿನ, "ಅಡಗಿ ಮಾಡು. ಅದನ್ನ ಬಾಯಿಗೆ ಮಾತ್ರ ಹಚ್ಚಬ್ಯಾಡ" ಎಂದ. ಹಚ್ಚುವುದಿಲ್ಲ ಎಂದು ಮಾತು ಕೊಟ್ಟೆ.

ಅಲ್ಲಿ ವೈನ್ ಮಾಡುತ್ತಿದ್ದವರು ವಿಜಯಪುರ ಕಡೆಯವರು, ಐವತ್ತು ದಾಟಿದವರು. ಎಲ್ಲರೂ ಅವರನ್ನು ಮಾಸ್ತರ ಎನ್ನುತ್ತಿದ್ದರು. ಮೊದಲ ವಾರವೇ ನನ್ನನ್ನು ಸಾಲುಗಳ ನಡುವೆ ನಡೆಸಿಕೊಂಡು ಹೋಗಿ ಬಳ್ಳಿಗಳನ್ನು ತೋರಿಸಿದರು. ಸಣ್ಣ ಕಾಯಿ, ದಪ್ಪ ಸಿಪ್ಪೆಯ ಕ್ಯಾಬರ್ನೆ. ನಮ್ಮ ಬಿಸಿಲಿಗೆ ಬೇಗ ಸಿಹಿ ತುಂಬಿಕೊಳ್ಳುವ ಕಪ್ಪು ಶಿರಾಜ್. ಬಿಳಿ ವೈನ್ ಆಗುವ ಹಸಿರು ಬಣ್ಣದ ಶೆನಿನ್. "ಇವು ಸಂತ್ಯಾಗ ಮಾರೋ ಹಣ್ಣಲ್ಲ ತಂಗಿ. ಬೀಜ ಭಾಳ, ತಿನ್ನಾಕ ಬರಂಗಿಲ್ಲ" ಎಂದು ಹೇಳಿ ಒಂದು ಕಾಯಿ ಕಿತ್ತು ಕೊಟ್ಟರು. ಅಪ್ಪನಿಗೆ ಕೊಟ್ಟ ಮಾತಿನಲ್ಲಿ ಹಣ್ಣು ತಿನ್ನಲು ಅಡ್ಡಿಯಿರಲಿಲ್ಲ. ನಾಲಿಗೆ ಒಗರಿಗೆ ಬಿಗಿದುಕೊಂಡಿತು.

ಯಾವ ಅಡುಗೆಗೆ ಯಾವ ವೈನ್ ಎನ್ನುವುದನ್ನೂ ಅವರೇ ಕಲಿಸಿದರು. ನಾನು ಮಾಡಿದ್ದನ್ನು ತಿಂದು, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಕೂರುತ್ತಿದ್ದರು. ಎಣ್ಣೆಗಾಯಿ ಬದನೆಕಾಯಿಗೆ ಶಿರಾಜ್ ಹೊಂದುತ್ತಿತ್ತು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತಿಂದ ಬಾಯಿಗೆ ಕ್ಯಾಬರ್ನೆಯ ಒಗರು ಮೆತ್ತಗಾಗುತ್ತಿತ್ತಂತೆ. ಪುಂಡಿಪಲ್ಯದ ಹುಳಿಗೆ ಮಾತ್ರ ಕೆಂಪು ವೈನ್ ಯಾವುದೂ ಬರುತ್ತಿರಲಿಲ್ಲ. "ಕಬ್ಬಿಣ ನೆಕ್ಕಿದಂಗ ಆಕೈತಿ" ಎನ್ನುತ್ತಿದ್ದರು. ಅದಕ್ಕೆ ತಣ್ಣಗಿನ ಶೆನಿನ್ ಕೊಡಲು ಹೇಳಿದರು. ಖಾರ ಜಾಸ್ತಿಯಾದರೆ ಯಾವ ವೈನ್ ಆದರೂ ಗಂಟಲು ಸುಡುತ್ತದೆಂದು ನನ್ನ ಕೈಯಿಂದ ಕೆಂಪುಖಾರದ ಚಮಚವನ್ನೇ ಇಸಿದುಕೊಂಡರು. ಎಳ್ಳು ಹಚ್ಚಿದ ಖಡಕ್ ರೊಟ್ಟಿಯನ್ನು ಶಿರಾಜ್ ಜೊತೆ ಕೊಡಬಹುದೆಂದು ಹೇಳಿದವಳು ನಾನು. ಗ್ಲಾಸಿನ ವಾಸನೆ ನೋಡಿದಾಗ ನನಗೆ ಹುರಿದ ಎಳ್ಳೇ ನೆನಪಾಗಿತ್ತು. ಅವರು ತಿಂದು, ಕುಡಿದು ನೋಡಿ, "ನಿನ್ನ ಮೂಗು ಖರೇ ಐತಿ" ಎಂದರು.

ಆಮೇಲೆ ಕೊರೊನಾ ಬಂತು. ಮಾಸ್ತರರು ಜ್ವರದಲ್ಲಿ ಮಲಗಿ, ತಿಂಗಳಾದ ಮೇಲೆ ತೀರ ಸೊರಗಿ ಬಂದರು. ಒಂದು ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಏನೋ ಬರೆಯುತ್ತಿದ್ದರು. ನಾನು ಒಲೆಯ ಮೇಲೆ ಬದನೆಕಾಯಿ ಇಟ್ಟು ನೀರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಮಸಾಲೆ ತಳ ಹಿಡಿದು ಸೀದುಹೋಗಿತ್ತು. ಅವರು ತಲೆಯೆತ್ತಿರಲಿಲ್ಲ.

"ಮಾಸ್ತರ, ನಿಮಗ ವಾಸನಿ ಬರಲಿಲ್ಲೇನ್ರಿ?"

ಅವರು ಪೆನ್ನು ಮುಚ್ಚಿದರು. "ಜ್ವರ ಬಂದಾಗಿಂದ ಏನೂ ಬರವಲ್ದು ತಂಗಿ. ಬಾಯಾಗ ಸಿಹಿ, ಹುಳಿ ಇಷ್ಟು ತಿಳೀತೈತಿ. ಉಳಿದದ್ದೆಲ್ಲ ನೀರು."

ವೈನರಿಯಲ್ಲಿ ಅವರ ಮೂಗೇ ಎಲ್ಲವೂ ಆಗಿತ್ತು. ಬಾಟಲಿ ತುಂಬುವ ಮುಂಚೆ ಒಂದು ಸಲ ಮಾತ್ರ ಹೊರಗಿನ ಲ್ಯಾಬಿಗೆ ಕಳಿಸುತ್ತಿದ್ದರು. ಉಳಿದ ದಿನಗಳಲ್ಲಿ ಅವರು ಒಂದೊಂದೇ ಟ್ಯಾಂಕಿನ ನಲ್ಲಿ ತಿರುಗಿಸಿ, ಮೂಸಿ, ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಮೂಗು ಹೋದ ಸಂಗತಿ ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ಅವರಿಗೆ ಹೆದರಿಕೆ. "ಸ್ವಲ್ಪ ದಿನ ನೀ ಮೂಸಿ ಹೇಳು. ನಂದು ವಾಪಸ್ ಬರ್ತೈತಿ" ಎಂದರು. ಒಪ್ಪಿಕೊಂಡೆ. ಕನಿಕರಕ್ಕೋ, ಅಷ್ಟು ತಿಳಿದವರು ನನ್ನನ್ನು ಕೇಳಿದರೆಂಬ ಹೆಮ್ಮೆಗೋ, ಈಗಲೂ ಖಚಿತವಾಗಿ ಹೇಳಲಾರೆ.

ಹಾಗೆ ವರ್ಷ ಕಳೆಯಿತು. ಬೆಳಿಗ್ಗೆ ಕೂಲಿಯವರು ಬರುವ ಮುಂಚೆ ನಾನು ಮೂಸುತ್ತಿದ್ದೆ, ಅವರು ತಮ್ಮ ವಾಸನೆಯ ಪುಸ್ತಕದಲ್ಲಿ ಬರೆಯುತ್ತಿದ್ದರು. ಹಸಿ ಮೆಣಸಿನಕಾಯಿ, ನೇರಳೆಹಣ್ಣು, ಮಳೆ ಬಿದ್ದ ಎರಿಮಣ್ಣು ಎಂದು ನಾನು ನನ್ನ ಮಾತಿನಲ್ಲಿ ಹೇಳಿದ್ದನ್ನು ಅವರು ತಮ್ಮ ಭಾಷೆಗೆ ಬದಲಿಸಿಕೊಳ್ಳುತ್ತಿದ್ದರು. ಅಪ್ಪನಿಗೆ ನಾನು ಏನನ್ನೂ ಹೇಳಿರಲಿಲ್ಲ.

ಆ ಏಪ್ರಿಲ್‌ನಲ್ಲಿ ಅಪ್ಪನ ಕಣ್ಣಿನ ಆಪರೇಷನ್ ಇತ್ತು. ಕಲಬುರಗಿಗೆ ಕರೆದುಕೊಂಡು ಹೋಗಿ, ಅಲ್ಲೇ ಚಿಕ್ಕಮ್ಮನ ಮನೆಯಲ್ಲಿಟ್ಟುಕೊಂಡು ಕಣ್ಣಿಗೆ ಔಷಧಿ ಹಾಕುತ್ತಾ ಹದಿನೈದು ದಿನ ಉಳಿದೆ. ಬಿಸಿಲು ಎಂಥದಿತ್ತೆಂದರೆ ಮಧ್ಯಾಹ್ನ ಗೋಡೆ ಮುಟ್ಟಲಾಗುತ್ತಿರಲಿಲ್ಲ. ತಿರುಗಿ ಕೆಲಸಕ್ಕೆ ಹೋದ ದಿನ ಮಾಸ್ತರರು ನನಗಾಗಿ ಕಾದು ನಿಂತಿದ್ದರು. ದೊಡ್ಡ ಟ್ಯಾಂಕಿನ ಶಿರಾಜ್ ಅನ್ನು ಗ್ಲಾಸಿಗೆ ಹಿಡಿದು ಕೊಟ್ಟರು. ಮೂಗಿನ ಹತ್ತಿರ ತರುವ ಮೊದಲೇ ವಿನೆಗರಿನಂಥ ಹುಳಿವಾಸನೆ ಹೊಡೆಯಿತು. ನೇರಳೆಹಣ್ಣಿಲ್ಲ, ಎಳ್ಳಿಲ್ಲ.

"ಹೆಂಗೈತಿ?"

ನಾನು ಗ್ಲಾಸು ತಿರುಗಿಸಿ ಮತ್ತೊಮ್ಮೆ ಮೂಸಿದೆ. ಅವರು ಮತ್ತೆ ಕೇಳಿದರು.

"ಹೋಗ್ಯದ್ರಿ ಮಾಸ್ತರ. ಸಿರ್ಕಾ ಆಗ್ಯದ."

ಮಾಸ್ತರರು ಏಣಿ ಹತ್ತಿ ನೋಡಿದರೆ ಟ್ಯಾಂಕಿನ ಮುಚ್ಚಳದ ಸುತ್ತಲಿನ ರಬ್ಬರು ಬಿಸಿಲಿಗೆ ಸೀಳುಬಿಟ್ಟು ಗಾಳಿ ಒಳಗೆ ಹೋಗಿತ್ತು. ಮೂಗಿದ್ದವರು ಮೂರನೆಯ ದಿನವೇ ಹಿಡಿಯುತ್ತಿದ್ದರು. ಪುಸ್ತಕದಲ್ಲಿ ಹದಿನೈದು ದಿನವೂ ಸರಿ ಇದೆ ಎಂದು ಅವರ ಸಹಿ ಇತ್ತು. ಅವರು ಕೆಳಗಿಳಿದು ಮೆಟ್ಟಿಲ ಮೇಲೆ ಕುಳಿತರು. "ಸ್ವಲ್ಪ ಹುಳಿ ಅನಿಸಿತ್ತು. ಹೊಸಾ ವೈನು, ಇರ್ತೈತಿ ಅಂತ ಮನಸಿಗೆ ಹೇಳಿಕೊಂಡೆ" ಎಂದರು. ಆಮೇಲೆ ಎದ್ದು ಮುಖ ತೊಳೆದುಕೊಂಡು ಮಾಲೀಕರ ಕೋಣೆಗೆ ಹೊರಟರು. ನಾನೂ ಹಿಂದೆ ಹೋದೆ. ಬಾಗಿಲಲ್ಲಿ ತಿರುಗಿ, "ನೀ ಬರಬ್ಯಾಡ" ಎಂದರು. "ಮೂಸಿದಾಕಿ ನಾನ್ರಿ" ಎಂದು ಒಳಗೆ ಹೋದೆ.

ಮಾಲೀಕರು ಬಯ್ಯಲಿಲ್ಲ. ಎಲ್ಲ ಕೇಳಿಸಿಕೊಂಡು, "ಅವತ್ತೇ ಹೇಳಿದ್ರ ಇನ್ನೊಬ್ಬರನ್ನ ಜೋಡಿ ಕೊಡ್ತಿದ್ದೆನಲ್ರೀ" ಎಂದರು. ಬೈದಿದ್ದರೆ ಮಾಸ್ತರರು ತಡೆದುಕೊಳ್ಳುತ್ತಿದ್ದರೇನೋ. ಆ ಮಾತಿಗೆ ಕಣ್ಣೊರೆಸಿಕೊಂಡರು.

ಕೆಟ್ಟ ವೈನಿನಲ್ಲಿ ಒಂದಷ್ಟನ್ನು ಸಿರ್ಕಾ ಮಾಡುವವರಿಗೆ ಕೊಟ್ಟರು. ಉಳಿದದ್ದನ್ನು ತೋಟದ ಕೊನೆಯಲ್ಲಿ ಗುಂಡಿ ತೋಡಿ ಬಿಟ್ಟರು. ವರ್ಷಪೂರ್ತಿ ಬಳ್ಳಿ ಸವರಿ, ಗೊನೆ ಕಿತ್ತು, ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಬದುವಿನ ಮೇಲೆ ನಿಂತು ನೋಡಿದರು. ಕಪ್ಪು ನೆಲಕ್ಕೆ ಬಿದ್ದ ಕೆಂಪು ಬಹಳ ಹೊತ್ತು ಇಂಗಲಿಲ್ಲ.

ಅಂದು ಸಂಜೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ.

"ಬಾಯಾಗ ಹಾಕ್ಕೊಂಡಿದ್ದೇನು?"

"ಇಲ್ಲಪ್ಪ. ಮೂಗಿಲೆ ಅಷ್ಟೇ."

"ಮತ್ತ ವರ್ಷ ದಿನ ಯಾಕ ಮುಚ್ಚಿಟ್ಟಿ?"

ನನ್ನನ್ನು ಕಾಡಿದ್ದೂ ಅದೇ ಪ್ರಶ್ನೆ. ನಾನು ಮಾಸ್ತರರಿಗೆ ಸಹಾಯ ಮಾಡುತ್ತಿದ್ದೇನೆಂದುಕೊಂಡಿದ್ದೆ. ಆದರೆ ನಾನು ಮೂಸುತ್ತಾ ಹೋದಷ್ಟು ದಿನ ಅವರಿಗೆ ನಿಜ ಹೇಳುವ ದಾರಿ ದೂರವಾಗುತ್ತಾ ಹೋಗಿತ್ತು.

ಮಾಸ್ತರರು ಆ ತಿಂಗಳೇ ಬಿಟ್ಟು ಹೋದರು. ಊರಿಗೆ ಹೊರಟು ಟಂಟಂ ಆಟೊ ಹತ್ತುವ ಮುಂಚೆ ತಮ್ಮ ವಾಸನೆಯ ಪುಸ್ತಕಗಳನ್ನೆಲ್ಲ ನನಗೆ ಕೊಟ್ಟರು. ಅವುಗಳ ಅಂಚಿನಲ್ಲಿ ನನ್ನ ಮಾತುಗಳನ್ನು ನಾನು ಹೇಳಿದ ಹಾಗೇ ಸಣ್ಣಕ್ಷರದಲ್ಲಿ ಬರೆದಿಟ್ಟಿದ್ದರು. ಅದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಈಗ ವೈನರಿಯಲ್ಲಿ ವಾರಕ್ಕೊಮ್ಮೆ ಪರೀಕ್ಷೆ ಮಾಡುವ ಹುಡುಗಿ ಇದ್ದಾಳೆ. ಅವಳು ಹುಳಿಯ ಪ್ರಮಾಣ ಅಳೆದು ಬರೆಯುತ್ತಾಳೆ, ನಾನು ಮೂಸಿ ಬರೆಯುತ್ತೇನೆ, ಕೆಳಗೆ ಇಬ್ಬರ ಸಹಿ. ಮಾಸ್ತರರು ಊರಲ್ಲಿ ತಮ್ಮನ ತೋಟದ ಬಳ್ಳಿ ಸವರಿಕೊಂಡಿದ್ದಾರೆ. ಹೋದ ಯುಗಾದಿಗೆ ಫೋನ್ ಮಾಡಿದ್ದರು. ಮೂಗು ಬಂತೇನ್ರಿ ಎಂದು ಕೇಳಿದೆ. "ಇಲ್ಲ ತಂಗಿ" ಎಂದು ಹೇಳಿ, ಈ ಸಲದ ಶೆನಿನ್ ಹೇಗಿದೆಯೆಂದು ಕೇಳಿದರು. ನಾನು ಗ್ಲಾಸ್ ತಂದು, ಮೂಸುತ್ತಾ, ಫೋನಿನಲ್ಲೇ ನಿಧಾನವಾಗಿ ಹೇಳಿದೆ.