ಕಾಕ ಬೇಡ ಅಂದ ಗಾಡಿ

ಕಳೆದ ತಿಂಗಳು ಮಗಳ ಜೊತೆ ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗಿದ್ದೆ. ಅಂಗಡಿಯವನು ಬಾನೆಟ್ ಎತ್ತಿ ಏನೇನೋ ವಿವರಿಸುತ್ತಿದ್ದ. ನನ್ನ ಮೂಗಿಗೆ ಬಡಿದದ್ದು ಕಾರಿನ ಅಡಿಗೆ ಹೊಸದಾಗಿ ಬಳಿದ ಕಪ್ಪು ಪೇಂಟಿನ ವಾಸನೆ. ಡಾಂಬರಿನಂಥ, ಗಂಟಲಿಗೆ ಹಿಡಿಯುವ ವಾಸನೆ. ಹಳೆ ಗಾಡಿಯ ಅಡಿಯಲ್ಲಿ ಹೊಸ ಪೇಂಟ್ ಕಂಡರೆ ಮೊದಲು ಅನುಮಾನಪಡಬೇಕು ಎಂದು ನನಗೆ ಕಲಿಸಿಕೊಟ್ಟವರು ಒಬ್ಬರಿದ್ದರು, ಬಹರೈನಿನಲ್ಲಿ...

ತೊಂಬತ್ತರ ದಶಕದ ನಡುವಿನ ಮಾತು. ನಾನು ಮೀನಾ ಸಲ್ಮಾನ್ ಬಂದರಿನಲ್ಲಿ ಕಟ್ಟಡ ಸಾಮಾನು ತರಿಸುವ ಒಂದು ಕಂಪನಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಕರೆಸಿಕೊಂಡು ಮನಾಮಾದ ಹಳೇ ಸೂಕ್ ಪೇಟೆಯ ಹಿಂದೆ, ಓಣಿಯೊಂದರಲ್ಲಿ ಫ್ಲ್ಯಾಟ್ ಹಿಡಿದಿದ್ದೆ. ಆಗಸ್ಟಿನ ಬಿಸಿಲಿನಲ್ಲಿ ಬಸ್ಸಿಗೆ ಕಾದು ಕಾದು ಮಗಳು ಒಮ್ಮೆ ರಸ್ತೆಯಲ್ಲೇ ತಲೆ ತಿರುಗಿ ಬಿದ್ದಳು. ಒಂದು ಕಾರು ಬೇಕೇ ಬೇಕು ಎಂದು ಅವತ್ತು ನಿರ್ಧರಿಸಿದೆವು.

ನಮ್ಮ ಗೋದಾಮಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಗ್ಯಾರೇಜು. ಕಂಪನಿಯ ಪಿಕಪ್‌ಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಅಲ್ಲಿನ ಮುಖ್ಯ ಮೆಕ್ಯಾನಿಕ್ ಉಳ್ಳಾಲದ ಕಡೆಯ ಬ್ಯಾರಿ, ನಲವತ್ತೈದು ದಾಟಿದವರು. ನಾವು ಊರಿನ ಕಡೆಯವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. ಯಾರೇ ಹಳೆ ಗಾಡಿ ಕೊಳ್ಳುವುದಿದ್ದರೂ ಕಾಕ ಒಮ್ಮೆ ನೋಡಬೇಕು. ಅದಕ್ಕೆ ಅವರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಕಾರು ಬೇಕು ಎಂದಾಗ ಅವರು ಗಾಡಿಯ ಮಾತನ್ನೇ ಎತ್ತಲಿಲ್ಲ. ದಿನಕ್ಕೆ ಎಷ್ಟು ಓಡಾಟ, ಯಾರೆಲ್ಲ ಕೂರುವುದು, ನಿಲ್ಲಿಸಲು ಜಾಗ ಎಷ್ಟು, ಹೆಂಡತಿ ಓಡಿಸುತ್ತಾರಾ, ಸೌದಿ ಸೇತುವೆ ದಾಟುವುದುಂಟಾ ಎಂದು ನನ್ನನ್ನೇ ಪರೀಕ್ಷೆ ಮಾಡಿದರು. ಕೊನೆಗೆ, "ನಿಮಗೆ ಸಣ್ಣ ಗಾಡಿ ಸಾಕು ಸರ್. ಈ ದ್ವೀಪದಲ್ಲಿ ಎಲ್ಲಿಗೆ ಹೋದ್ರೂ ಅರ್ಧ ಗಂಟೆ. ಎಂಜಿನ್ ದೊಡ್ಡದು ಬೇಡ, ಏಸಿ ಗಟ್ಟಿ ಇರ್ಲಿ. ಮತ್ತೆ ಅಡಿ ನೋಡ್ಬೇಕು. ಇಲ್ಲಿಯ ಉಪ್ಪುಗಾಳಿ ಗಾಡಿಯನ್ನು ಅಡಿಯಿಂದ ತಿನ್ನುದು" ಎಂದರು.

ಒಂದೇ ವಾರದಲ್ಲಿ ಅಂಥ ಗಾಡಿಯನ್ನು ಹುಡುಕಿಯೂ ಕೊಟ್ಟರು. ಊರಿಗೆ ಮರಳುತ್ತಿದ್ದ ಒಬ್ಬ ನರ್ಸಮ್ಮನ ಪುಟ್ಟ ಬಿಳಿ ಕಾರು. ಆಸ್ಪತ್ರೆಗೂ ಚರ್ಚಿಗೂ ಬಿಟ್ಟರೆ ಬೇರೆಲ್ಲೂ ಓಡಿದ್ದಲ್ಲ. ಹೆಂಡತಿಗೆ ತುಂಬ ಹಿಡಿಸಿತು. ನಮ್ಮ ಬಜೆಟ್ಟಿಗಿಂತ ಕಡಿಮೆಗೇ ಬರುತ್ತಿತ್ತು.

ಆದರೆ ಅಷ್ಟರಲ್ಲಿ ನಮ್ಮ ಮ್ಯಾನೇಜರ್ ತಮ್ಮ ಕಾರು ಮಾರುತ್ತಾರೆ ಎಂಬ ಸುದ್ದಿ ಬಂತು. ಅವರೂ ಕರಾವಳಿಯವರೇ, ಅದ್ಲಿಯಾದ ವಿಲ್ಲಾದಲ್ಲಿದ್ದವರು. ಕಾರು ಉದ್ದನೆಯ ಕಡುನೀಲಿ ಅಮೆರಿಕನ್ ಗಾಡಿ, ಒಳಗೆ ಚರ್ಮದ ಸೀಟು. ಅದರ ಸ್ಟಿಯರಿಂಗ್ ಹಿಂದೆ ನಾನು ಕೂತ ಚಿತ್ರ ಒಮ್ಮೆ ತಲೆಯೊಳಗೆ ಹೊಕ್ಕಿತು, ಮತ್ತೆ ಹೋಗಲಿಲ್ಲ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಅದರಲ್ಲಿ ಹೋಗಿ ಇಳಿಯಬೇಕು, ಊರಿಗೆ ಅದರ ಫೋಟೊ ಕಳಿಸಬೇಕು... ಮ್ಯಾನೇಜರಿಗೂ ನನ್ನ ಮೇಲೆ ಪ್ರೀತಿ ಹುಟ್ಟೀತು ಎಂಬ ಲೆಕ್ಕವೂ ಇತ್ತು, ಸುಳ್ಳು ಹೇಳಬಾರದು.

ಆದರೂ ಕಾಕನನ್ನು ಕರೆದುಕೊಂಡು ಹೋದೆ. ಬೇಡವೆನ್ನಿಸಿಕೊಳ್ಳಲು ಅಲ್ಲ, ಹೂಂ ಎನ್ನಿಸಿಕೊಳ್ಳಲು. ಅವರು ಚಪ್ಪಲಿ ಕಳಚಿಟ್ಟು, ಹಳೆ ಪತ್ರಿಕೆ ಹಾಸಿಕೊಂಡು ಗಾಡಿಯ ಅಡಿಗೆ ಹೋದರು. ಬಹಳ ಹೊತ್ತು ಅಲ್ಲೇ ಇದ್ದರು. ಹೊರಬಂದವರು ಮ್ಯಾನೇಜರ್ ಎದುರು ಏನೂ ಆಡದೆ ನನ್ನನ್ನು ಗೇಟಿನಾಚೆ ಕರೆದೊಯ್ದರು.

"ಬೇಡ ಸರ್. ಎದುರಿಗೆ ಜೋರು ಬಡಿದ ಗಾಡಿ ಇದು. ಚಾಸಿಯಲ್ಲಿ ಬೆಸುಗೆ ಉಂಟು, ಮೇಲಿಂದ ಪೇಂಟ್ ಬಳಿದಿದ್ದಾರೆ. ಮಗು ಇರುವ ಮನೆಗೆ ನಾನು ಇದನ್ನು ಹೇಳುದಿಲ್ಲ. ನರ್ಸಮ್ಮನದ್ದು ತಗೊಳ್ಳಿ."

ಮರುದಿನ ಮ್ಯಾನೇಜರ್ ತಮ್ಮ ಕೋಣೆಗೆ ಕರೆದು ಯಾಕೆ ಹಿಂದೇಟು ಎಂದು ಕೇಳಿದರು. ಬೆಲೆ ಇನ್ನಷ್ಟು ಇಳಿದೀತು ಎಂಬ ಆಸೆಗೆ, ಮೆಕ್ಯಾನಿಕ್ ಹೀಗೆ ಹೇಳಿದ ಎಂದುಬಿಟ್ಟೆ. ಎದುರಿಗೆ ಕಾಕನನ್ನು ನೀವು ಎಂದು ಮಾತಾಡಿಸುತ್ತಿದ್ದವನು ಅಲ್ಲಿ ಏಕವಚನಕ್ಕೆ ಇಳಿದಿದ್ದೆ. ಮ್ಯಾನೇಜರ್ ನಕ್ಕರು. ಬೆಲೆಯನ್ನೂ ಇಳಿಸಿದರು. ಆಮೇಲೆ ಕಾಗದಗಳ ಮೇಲೆ ಕಣ್ಣಾಡಿಸುತ್ತಲೇ, "ಯಾರವ? ನಮ್ಮ ಪಿಕಪ್ ರಿಪೇರಿ ಮಾಡ್ತಾನಲ್ಲ, ಅವನಾ?" ಎಂದರು. ಹೌದು ಎಂದೆ.

ಆ ವಾರವೇ ಕಡುನೀಲಿ ಕಾರು ನನ್ನದಾಯಿತು. ಓಣಿಯೊಳಗೆ ಅದು ಹಿಡಿಯಲಿಲ್ಲ. ದೂರದ ಖಾಲಿ ಜಾಗದಲ್ಲಿ ನಿಲ್ಲಿಸಿ ನಡೆದು ಬರಬೇಕಿತ್ತು. ಹೆಂಡತಿ, "ಅವರು ಬೇಡ ಅಂದದ್ದಲ್ವಾ?" ಎಂದು ಒಂದೇ ಸಲ ಕೇಳಿದಳು. ಆಮೇಲೆ ಮಗಳನ್ನು ಎದುರಿನ ಸೀಟಿನಲ್ಲಿ ಯಾವತ್ತೂ ಕೂರಿಸಲಿಲ್ಲ.

ಎರಡು ವಾರ ಕಳೆದಿರಬೇಕು. ಒಂದು ಶುಕ್ರವಾರ, ನಮಾಜು ಮುಗಿಸಿ ಕಾಕ ನಮ್ಮ ಮನೆಗೆ ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ. ಸೋಫಾದ ತುದಿಯಲ್ಲಿ ಕೂತರು. ಹೆಂಡತಿ ಕೊಟ್ಟ ಶರಬತ್ತನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಸುಳ್ಳು ಹೇಳಿ ಗಿರಾಕಿಗಳನ್ನು ಕೆಡಿಸುತ್ತಾನೆ, ಕಮಿಷನ್ ತಿನ್ನುತ್ತಾನೆ ಎಂದು ಗ್ಯಾರೇಜಿನ ಮಾಲೀಕ ಅರ್ಬಾಬಿಗೆ ನಮ್ಮ ಕಂಪನಿಯಿಂದ ದೂರು ಹೋಗಿತ್ತಂತೆ. ಇವನನ್ನು ಇಟ್ಟುಕೊಂಡರೆ ನಮ್ಮ ಪಿಕಪ್‌ಗಳು ಬೇರೆ ಕಡೆ ಹೋಗುತ್ತವೆ ಎಂಬ ಮಾತೂ ಬಂದಿತ್ತಂತೆ. ಹನ್ನೊಂದು ವರ್ಷ ದುಡಿದ ಗ್ಯಾರೇಜು, ಅದೇ ಅರ್ಬಾಬರು ಕೊಡಿಸಿದ ವೀಸಾ. ಅದನ್ನು ರದ್ದು ಮಾಡಲು ಹೊರಟಿದ್ದರು.

"ನೀವು ಒಮ್ಮೆ ಬಂದು ಹೇಳಿ ಸರ್," ಎಂದರು. "ನೀವೇ ಕರೆದದ್ದು, ನಾನು ಕಂಡದ್ದು ಹೇಳಿದ್ದು. ಅಷ್ಟೇ ಸಾಕು. ಅರ್ಬಾಬ್ ಒಳ್ಳೆ ಮನುಷ್ಯ, ಕೇಳ್ತಾರೆ."

"ನಾಳೆ ಬರ್ತೇನೆ ಕಾಕ," ಎಂದೆ.

ಅವರು ನಂಬಿದರು. ಮೆಟ್ಟಿಲಿಳಿಯುವಾಗ ಮಗಳ ಕೆನ್ನೆ ತಟ್ಟಿ ಹೋದರು.

ಮರುದಿನ ನಾನು ಹೋಗಲಿಲ್ಲ. ಮೊದಲ ದಿನ ಸ್ಟಾಕ್ ಎಣಿಸುವ ಕೆಲಸವಿತ್ತು, ಅದು ನಿಜ. ಎರಡನೆಯ ದಿನ ಏನೂ ಇರಲಿಲ್ಲ. ನನ್ನ ವೀಸಾ ಯಾರ ಒಂದು ಮಾತಿನ ಮೇಲೆ ನಿಂತಿದೆ ಎಂಬುದು ಮಾತ್ರ ತಲೆಯಲ್ಲಿತ್ತು. ಗೋದಾಮಿಗೆ ಹೋಗುವ ದಾರಿ ಆ ಗ್ಯಾರೇಜಿನ ಎದುರೇ ಹಾದುಹೋಗುತ್ತಿತ್ತು. ಹತ್ತು ದಿನ ನಾನು ಬಂದರಿನ ಹಿಂಬದಿಯ ರಸ್ತೆ ಹಿಡಿದೆ, ಅದೇ ಕಡುನೀಲಿ ಕಾರಿನಲ್ಲಿ, ಏಸಿ ಹಾಕಿಕೊಂಡು, ಗಾಜು ಏರಿಸಿಕೊಂಡು.

ಹನ್ನೊಂದನೆಯ ದಿನ ನಮ್ಮ ಪಿಕಪ್ ಡ್ರೈವರ್ ಚಹಾ ಕುಡಿಯುತ್ತಾ, "ಕಾಕ ಹೋದ್ರು. ಏರ್‌ಪೋರ್ಟಿಗೆ ನಾನೇ ಬಿಟ್ಟದ್ದು" ಎಂದ. ನನ್ನ ಬಗ್ಗೆ ಏನಾದರೂ ಹೇಳಿದರಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಮನೆಯಲ್ಲಿ ಹೆಂಡತಿ ಕೇಳಿದಾಗ, "ಹೋಗಿ ಹೇಳಿದ್ದೆ, ಅವರು ಕೇಳಲಿಲ್ಲ" ಎಂದೆ. ಅವಳು ಈಗಿಲ್ಲ. ಆ ಮಾತನ್ನು ನಿಜವೆಂದೇ ತಿಳಿದು ಹೋದಳು.

ಆ ಕಾರು ಏನಾಯಿತು ಎಂದು ಕೇಳಿದರೆ... ಏನೂ ಆಗಲಿಲ್ಲ. ಬೆಸುಗೆ ನಾಲ್ಕು ವರ್ಷ ಗಟ್ಟಿಯಾಗಿಯೇ ನಿಂತಿತು. ಪೆಟ್ರೋಲು ಕುಡಿಯಿತು, ಬೇಸಿಗೆಯಲ್ಲಿ ಬಿಸಿಯೇರಿತು, ಓಡಿತು. ಕಾಕ ಹೇಳಿದ್ದೇ ತಪ್ಪಿರಬೇಕು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡೆ. ಕೊನೆಗೆ ಅದನ್ನು ಮಾರುವಾಗ, ಹೊಸದಾಗಿ ಬಂದಿದ್ದ ಕಾರ್ಕಳದ ಒಬ್ಬರು, ಆ್ಯಕ್ಸಿಡೆಂಟ್ ಗಿಕ್ಸಿಡೆಂಟ್ ಆಗಿಲ್ಲವಲ್ಲ ಎಂದು ಕೇಳಿದರು. ಇಲ್ಲ ಎಂದೆ. ಹೇಳುವಾಗ ನಾಲಿಗೆ ಸ್ವಲ್ಪವೂ ತಡವರಿಸಲಿಲ್ಲ. ಆ ಗಾಡಿಯ ಅಡಿ ನೋಡಬಲ್ಲವರನ್ನು ಅಷ್ಟು ಹೊತ್ತಿಗೆ ಊರಿಗೆ ಕಳಿಸಿಯಾಗಿತ್ತಲ್ಲ.

ಹೋದ ವಾರ ಉಳ್ಳಾಲಕ್ಕೆ ಹೋಗಿ, ಬಹರೈನಿನಿಂದ ಬಂದ ಮೆಕ್ಯಾನಿಕ್ ಎಂದು ವಿಚಾರಿಸುತ್ತಾ ಅವರ ಮನೆ ಹುಡುಕಿದೆ. ಅವರು ತೀರಿಕೊಂಡು ಏಳು ವರ್ಷವಾಯಿತಂತೆ. ಕೊನೆಯವರೆಗೂ ರಸ್ತೆ ಬದಿಯ ಶೆಡ್ಡಿನಲ್ಲಿ ಸ್ಕೂಟರ್ ರಿಪೇರಿ ಮಾಡಿಕೊಂಡಿದ್ದರಂತೆ. ಅವರ ಹೆಂಡತಿ ಕುರ್ಚಿ ಹಾಕಿ ಕೂರಿಸಿದರು.

"ಬಹರೈನ್ ವಿಷಯ ಜಾಸ್ತಿ ಮಾತಾಡ್ತಿರ್ಲಿಲ್ಲ," ಎಂದರು. "ಗ್ಯಾರೇಜ್ ಮುಚ್ಚಿತು, ಹಾಗೆ ಬಂದೆ ಅಂದಿದ್ರು. ನೀವು ಅಲ್ಲಿ ಅವರ ಜೊತೆ ಕೆಲಸದಲ್ಲಿದ್ದದ್ದಾ?"

ನಾನು ಬಹರೈನ್ ಬಿಡುವವರೆಗೂ ಆ ಗ್ಯಾರೇಜು ತೆರೆದೇ ಇತ್ತು.

"ಇಲ್ಲ," ಎಂದೆ. "ನನಗೊಂದು ಕಾರು ನೋಡಿಕೊಡಲು ಬಂದಿದ್ದರು."

"ಹೌದಾ! ಒಳ್ಳೇದು ನೋಡಿಕೊಟ್ರಾ?"

"ಒಳ್ಳೇದೇ ನೋಡಿಕೊಟ್ಟಿದ್ದರು. ನಾನೇ ಅವರ ಮಾತು ಕೇಳಲಿಲ್ಲ."

ಎಂದೋ ಕಳೆದುಹೋದ ಸಣ್ಣ ಸಂಗತಿಯೆಂಬಂತೆ ಆಕೆ ನಕ್ಕು, ಚಹಾ ಆರುತ್ತದೆ ಕುಡಿಯಿರಿ ಎಂದರು. ಮುಂದಿನದನ್ನು ಹೇಳಲೆಂದೇ ಅಷ್ಟು ದೂರ ಹೋಗಿದ್ದೆ. ಚಹಾ ಕುಡಿದೆ, ಲೋಟ ಕೆಳಗಿಟ್ಟೆ, ಬರ್ತೇನೆ ಎಂದು ಹೇಳಿ ಎದ್ದು ಬಂದೆ.