ಮುಯ್ಯಾಳಿನ ಕೊನೆಯ ನಾಟಿ

ಪಾಂಡವಪುರದ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಪ್ರತಿಯೊಬ್ಬ ಮನುಷ್ಯನೂ ತನ್ನ ಲಾಭವನ್ನು ತೂಗಿ ನೋಡಿಯೇ ನಡೆಯುತ್ತಾನೆ ಎಂಬ ಪಾಠ ಬಂದಾಗಲೆಲ್ಲ ತೊಣ್ಣೂರು ಕೆರೆಯ ಕೆಳಗಿದ್ದ ನನ್ನ ದೊಡ್ಡಮ್ಮನ ಗದ್ದೆ ಕಣ್ಣ ಮುಂದೆ ಬರುತ್ತದೆ.

ಅಲ್ಲಿ ಭತ್ತದ ನಾಟಿ ನಡೆಯುತ್ತಿದ್ದುದು ಮುಯ್ಯಾಳಿನಿಂದ. ಇಂದು ಒಬ್ಬಳ ಗದ್ದೆಗೆ ಎಲ್ಲರೂ, ನಾಳೆ ಇನ್ನೊಬ್ಬಳ ಗದ್ದೆಗೆ ಎಲ್ಲರೂ. ಕೂಲಿಯಿಲ್ಲ, ದುಡಿಮೆಗೆ ದುಡಿಮೆ. ಸಂಜೆ ಕಾಲುವೆಯಲ್ಲಿ ಕೈಕಾಲು ತೊಳೆಯುವಾಗ ಯಾರಾದರೊಬ್ಬಳು "ನಾಳೆ ಯಾರ ಗದ್ದೆ?" ಎಂದು ಕೇಳಿಯೇ ಕೇಳುತ್ತಿದ್ದಳು. ಅದನ್ನು ನಾನು ಹಾಡಿ ಹೊಗಳಲಾರೆ. ದಲಿತ ಕೇರಿಯ ಹೆಂಗಸರಿಗೆ ಆ ಸುತ್ತಿನಲ್ಲಿ ಜಾಗವಿರಲಿಲ್ಲ. ಅವರು ಕೂಲಿಗಷ್ಟೇ ಬರಬೇಕಿತ್ತು. ಅದೂ ಅನ್ಯಾಯವೇ.

ನಾನು ದೊಡ್ಡಮ್ಮನ ಮನೆಯಲ್ಲಿದ್ದು ಓದುತ್ತಿದ್ದಾಗ ಒಂದು ವರ್ಷ ಅವಳು ಎಲ್ಲರ ಗದ್ದೆಯಲ್ಲೂ ನಟ್ಟು, ತನ್ನದನ್ನು ಕೊನೆಗಿಟ್ಟುಕೊಂಡಿದ್ದಳು. ಅಷ್ಟರಲ್ಲಿ ಊರಿಗೆ ಗುತ್ತಿಗೆಯ ಗುಂಪು ಬಂತು: ಗೂಡ್ಸ್ ಆಟೋದಲ್ಲಿ ಒತ್ತಿ ತುಂಬಿ ತಂದ ಹೆಂಗಸರು, ಅವರ ಕೂಲಿಯಲ್ಲಿ ಪಾಲು ಕೀಳುವ ಮೇಸ್ತ್ರಿ. ಅಕ್ಕಪಕ್ಕದವರು ತಮ್ಮ ಗದ್ದೆಗಳಲ್ಲಿ ನಾಟಿಗೆ ಮಿಕ್ಕಿದ್ದ ತಾಕುಗಳನ್ನು ಅವನಿಗೆ ವಹಿಸಿ, ಮುಂದಿನ ವರ್ಷಕ್ಕೂ ಮಾತಾಡಿಕೊಂಡರು. ಮುಯ್ಯಾಳೇ ಬೇಡವಾದ ಮೇಲೆ ದೊಡ್ಡಮ್ಮನ ಮುಯ್ಯಿ ತೀರಿಸುವುದರಿಂದ ಯಾರಿಗೂ ಲಾಭವಿರಲಿಲ್ಲ; ಯಾರೂ ಬರಲಿಲ್ಲ. ಅವಳ ತುಂಡು ಗದ್ದೆಗೆ ಬಂದರೆ ಆಟೋ ಬಾಡಿಗೆಯೂ ಗಿಟ್ಟದೆಂದು ಮೇಸ್ತ್ರಿ ಒಲ್ಲೆನೆಂದುಬಿಟ್ಟ. ಸಸಿ ಬೆಳೆಸುವ ಒಟ್ಲಿನಲ್ಲಿ ಪೈರು ಬಲಿಯುತ್ತಿತ್ತು. ಕಾಂಡದಲ್ಲಿ ಗೆಣ್ಣು ಮೂಡಿದರೆ ನಟ್ಟೂ ಫಲವಿಲ್ಲ.

ಪಕ್ಕದ ಗದ್ದೆಯಾಕೆ ಮನೆಗೇ ಬಂದು ದುಡ್ಡು ಮುಂದೆ ಹಿಡಿದಳು. "ನೀನು ನಟ್ಟಿದ್ಕೆ ಕೂಲಿ ಅಂತ ಇಟ್ಕೊಬುಡಕ್ಕ. ನಂಗೆ ಬಗ್ಗಕ್ಕಾಗಾಕಿಲ್ಲ."

"ನಾನೇನು ನಿನ್ನತ್ರ ಕೂಲಿಗ್ ಬಂದಿದ್ನಾ? ಇದ ಇಸ್ಕೊಂಡ್ರೆ ಮುಯ್ಯಿ ಮುಗುದೋಯ್ತದೆ ಕಣವ್ವ. ಆಮೇಕೆ ಯಾವ ಬಾಯಲ್ಲಿ ನಿನ್ನ ಕರೀಲಿ?"

ಆಕೆ ತಲೆ ತಗ್ಗಿಸಿ ಹೊರಟುಹೋದಳು. ತೆಗೆದುಕೊಳ್ಳಬಹುದಿತ್ತಲ್ಲ ಎಂದು ನಾನೂ ಕೇಳಿದೆ. ದೊಡ್ಡಮ್ಮ ಒಟ್ಲಿನ ಕಡೆ ನಡೆದಳು. ನಾವಿಬ್ಬರೇ ನಡಲು ಇಳಿದೆವು. ಗದ್ದೆಯ ಅರ್ಧ ಮುಗಿಯುವ ಮೊದಲೇ ಗೆಣ್ಣು ಮೂಡಿತು. ಉಳಿದ ಪೈರನ್ನು ಕುಯ್ದು ಎಮ್ಮೆಗೆ ಹಾಕಿದಳು.

ಮರುವರ್ಷ ತನ್ನ ಗದ್ದೆಯನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು ಅದೇ ಮೇಸ್ತ್ರಿಯ ಆಟೋ ಹತ್ತಿದಳು. ಅದೇ ಪಕ್ಕದ ಗದ್ದೆಯಲ್ಲಿ, ಸೊಂಟ ಎತ್ತದೆ ದಿನವಿಡೀ ನಟ್ಟಳು. ಒಡತಿ ಸಂಕೋಚದಿಂದ ಮಜ್ಜಿಗೆ ತಂದು, ಬದುವಿನ ಮೇಲೆ ಕುಳಿತುಕೊಳ್ಳೆಂದು ಕರೆದಳು.

"ಇವ್ರ್ ಜೊತೇಲೆ ನಿಂತ್ಕಂಡು ಕುಡೀತೀನಿ ಬುಡವ್ವ" ಎಂದಳು ದೊಡ್ಡಮ್ಮ.

ಸಂಜೆ ಮೇಸ್ತ್ರಿ ತನ್ನ ಪಾಲು ಹಿಡಿದುಕೊಂಡು ಕೊಟ್ಟ ಕೂಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಎಲ್ಲರೂ ಕಾಲುವೆಯಲ್ಲಿ ಕೈಕಾಲು ತೊಳೆದರು. ನಾಳೆ ಯಾರ ಗದ್ದೆಯೆಂದು ಯಾರೂ ಕೇಳಲಿಲ್ಲ. ಅದು ಮೇಸ್ತ್ರಿಗಷ್ಟೇ ಗೊತ್ತಿತ್ತು.