ಹದಿನಾರಕ್ಕೆ ಏನು ತಿಳಿಯುತ್ತೆ

ಹದಿನಾರು ವರ್ಷಕ್ಕೇ ಮತದಾನದ ಹಕ್ಕು ಕೊಡುವ ಮಸೂದೆ ಬಂದಾಗಿನಿಂದ ನಮ್ಮ ಎದುರುಮನೆಯ ಹೆಡ್ ಕ್ಲಾರ್ಕರಿಗೆ ಬಿಡುವೇ ಇಲ್ಲ. ಗೇಟಿನ ಬಳಿ ಯಾರು ಸಿಕ್ಕರೂ ನಿಲ್ಲಿಸಿ, “ಹದಿನಾರಕ್ಕೆ ಏನ್ರೀ ತಿಳಿಯುತ್ತೆ? ಹಾಲುಗಲ್ಲದ ಮಕ್ಕಳು” ಎನ್ನುತ್ತಾರೆ. ಹಾಗೆನ್ನುವಾಗ ಅವರು ತೊಟ್ಟ ಅಂಗಿಗೆ ಇಸ್ತ್ರಿ ಹಾಕಿದವಳು, ಉದುರಿದ ಗುಂಡಿ ಹೊಲಿದವಳು, ಕೈಯಲ್ಲಿರುವ ಊಟದ ಡಬ್ಬಿ ಕಟ್ಟಿದವಳು ಅವರ ಹದಿನಾರರ ಮಗಳು. ಅವಳ ತಾಯಿ ಆಸ್ಪತ್ರೆಯ ಬೆಳಗಿನ ಪಾಳಿಗೆ ಆಗಲೇ ಹೋಗಿರುತ್ತಾರೆ. “ಮಗಳೇ, ನನ್ನ ಕನ್ನಡಕ?” “ಹಣೆ ಮೇಲಿದೆ ಅಪ್ಪ.” “ಬಿಪಿ ಮಾತ್ರೆ ತಗೊಂಡ್ನಾ?” “ತಗೊಂಡ್ರಿ, ಇನ್ನೊಂದು ನುಂಗಬೇಡಿ.” ಗ್ಯಾಸ್ ಯಾವಾಗ ಮುಗಿಯುತ್ತದೆ, ನಲ್ಲಿಯಲ್ಲಿ ಯಾವ ದಿನ ನೀರು ಬರುವುದಿಲ್ಲ, ಇದೆಲ್ಲ ಆ ಮನೆಯಲ್ಲಿ ತಿಳಿದಿರುವುದು ಹಾಲುಗಲ್ಲಕ್ಕೆ ಮಾತ್ರ. ಕಳೆದ ಚುನಾವಣೆಯಲ್ಲಂತೂ ಅಪ್ಪನನ್ನು ಮತಗಟ್ಟೆಯ ಬಾಗಿಲವರೆಗೂ ಕರೆದೊಯ್ದು, ಗುರುತಿನ ಚೀಟಿ ಕೈಗಿಟ್ಟು, ತಾನು ಬಿಸಿಲಲ್ಲಿ ಹೊರಗೆ ಕಾದಿದ್ದಳು. ಮೊನ್ನೆ ಮಸೂದೆಯ ಬಗ್ಗೆ ಜನರ ಅಭಿಪ್ರಾಯ ಕೇಳುವ ಫಾರಂ ಮನೆಮನೆಗೆ ಬಂತು. ಕ್ಲಾರ್ಕರು ನನ್ನೆದುರೇ ವರಾಂಡದಲ್ಲಿ ಕೂತು, ಪೆನ್ನು ತೆರೆದು, ‘ಬೇಕು’, ‘ಬೇಡ’ ಎಂಬ ಎರಡು ಚೌಕಗಳನ್ನು ನೋಡಿ, ಅಭ್ಯಾಸಬಲದಿಂದ ಒಳಗೆ ಕೂಗಿದರು: “ಮಗಳೇ, ಯಾವುದಕ್ಕೆ ಗುರುತು ಹಾಕ್ಲಿ?” ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು. “ನನಗೇನು ತಿಳಿಯುತ್ತೆ ಅಪ್ಪ? ನೀವೇ ಹಾಕಿ.” ಅವರು ಅಡುಗೆಮನೆಯ ಕಡೆ ನೋಡಿ, ಅಂಗಿಯ ಗುಂಡಿಯನ್ನೊಮ್ಮೆ ಮುಟ್ಟಿಕೊಂಡರು. ಆಮೇಲೆ ‘ಬೇಕು’ ಎಂಬಲ್ಲಿ ದಪ್ಪಗೆ ಗುರುತು ಹಾಕಿ, ನನ್ನ ಕಡೆ ತಿರುಗಿ, “ಕನ್ನಡಕ ಇರಲಿಲ್ಲ ನೋಡಿ, ಗುರುತು ಕೈತಪ್ಪಿ ಅಲ್ಲಿ ಬಿತ್ತು” ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು.